ಜಾಲತಾಣ ವಿನ್ಯಾಸದ ಆಲೋಚನೆಗಳಿಗೊಂದು ಕಿರ್ದಿ, ಒಂದು ಖತಾವಣಿ: ಸಂಗ್ರಹದಿಂದ ವರ್ಷಾಂತ್ಯದ ಅವಲೋಕನದವರೆಗೆ

ದಾವಣಗೆರೆಯ ವಿದ್ಯಾನಗರದಲ್ಲಿರುವ ನನ್ನ ಸಣ್ಣ ಕಚೇರಿಗೆ ಕೆಲಸ ಕಲಿಯಲು ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ತಮ್ಮ ಅಂಗಡಿಯ ಜಾಲತಾಣವನ್ನು ತಾವೇ ನೋಡಿಕೊಳ್ಳುವ ವ್ಯಾಪಾರಸ್ಥರೂ ವರ್ಷ ವರ್ಷವೂ ಒಂದೇ ಜಾಗದಲ್ಲಿ ಎಡವುತ್ತಿದ್ದಾರೆ. ಅವರ ಫೋನಿನಲ್ಲಿ ನೂರಾರು ಸ್ಕ್ರೀನ್‌ಶಾಟ್‌ಗಳಿರುತ್ತವೆ. ಆದರೆ ಹೊಸ ಕೆಲಸ ಬಂದ ದಿನ ಅವುಗಳಲ್ಲಿ ಒಂದೂ ಕೈಗೆ ಸಿಗುವುದಿಲ್ಲ. ಸಿಕ್ಕರೂ ಅದನ್ನು ಏಕೆ ಉಳಿಸಿಕೊಂಡಿದ್ದೆವು ಎಂಬುದು ನೆನಪಿರುವುದಿಲ್ಲ. ಡಿಸೆಂಬರ್ ಬಂದಾಗ ಇದೇ ಜನರು ಮುಂದಿನ ವರ್ಷದ ಟ್ರೆಂಡ್‌ಗಳ ಪಟ್ಟಿಗಳನ್ನು ಓದಿ, ಸರಿಯಾಗಿ ನಡೆಯುತ್ತಿದ್ದ ಮುಖಪುಟವನ್ನು ಕಿತ್ತು ಹೊಸದಾಗಿ ಕಟ್ಟಲು ತೊಡಗುತ್ತಾರೆ.

ಈ ಎರಡೂ ತೊಂದರೆಗಳ ಬೇರು ಒಂದೇ ಆಗಿದೆ. ಚಿತ್ರವನ್ನು ಉಳಿಸಿಕೊಂಡವರು ಅದರ ಕಾರಣವನ್ನೂ ದಿನಾಂಕವನ್ನೂ ಬರೆದಿಟ್ಟಿರುವುದಿಲ್ಲ. ಕಾರಣವಿಲ್ಲದ ಚಿತ್ರ ಮುಂದಿನ ಕೆಲಸಕ್ಕೆ ಒದಗುವುದಿಲ್ಲ, ದಿನಾಂಕವಿಲ್ಲದ ಚಿತ್ರ ವರ್ಷದ ಅವಲೋಕನಕ್ಕೆ ಒದಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕೆಂದು ಕೇಳಿಕೊಳ್ಳುತ್ತೇನೆ. ವರ್ಷದ ಅವಲೋಕನವಾದ ಏಳನೆಯ ಹಂತದಿಂದಲೇ ಆರಂಭಿಸಿದವರು ಒಬ್ಬರೂ ಅದನ್ನು ಮುಗಿಸಿದ್ದನ್ನು ನಾನು ಕಂಡಿಲ್ಲ.

ಬೇಕಾಗುವ ಸಾಧನಗಳು

ಒಂದು ಸ್ಪ್ರೆಡ್‌ಶೀಟ್, ಚಿತ್ರಗಳಿಗೆ ಒಂದು ಫೋಲ್ಡರ್, ತಾಣವು ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆಯೆಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ತಾಣದ ನೋಂದಣಿ, ಮೂರು ನಾಲ್ಕು ವರ್ಷ ಹಳೆಯದಾದ ಒಂದು ಅಗ್ಗದ ಆಂಡ್ರಾಯ್ಡ್ ಫೋನ್ ಮತ್ತು ಒಂದು ರೂಲು ಪುಸ್ತಕ ಇದ್ದರೆ ಸಾಕು. ಹಣ ಕೊಟ್ಟು ಕೊಳ್ಳುವ ಯಾವ ತಂತ್ರಾಂಶವೂ ಇಲ್ಲಿ ಬೇಕಾಗಿಲ್ಲ. ಹಳೆಯ ಫೋನನ್ನು ಮಾತ್ರ ಬಿಡಬೇಡಿ. ನಿಮ್ಮ ಗ್ರಾಹಕರ ಕೈಯಲ್ಲಿರುವುದು ಅಂಥದ್ದೇ ಫೋನು.

ಹಂತ 1: ಹಳೆಯ ರಾಶಿಯನ್ನು ಬದಿಗಿಟ್ಟು ಕಿರ್ದಿ ತೆರೆಯುವುದು

ಮೊದಲ ತಪ್ಪು ಮೊದಲ ದಿನವೇ ಆಗುತ್ತದೆ. ಉತ್ಸಾಹದಿಂದ ಕುಳಿತವರು ಹಳೆಯ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ವಿಂಗಡಿಸಲು ಹೊರಟು, ಮೂರನೆಯ ದಿನ ಬೇಸತ್ತು ಕೈಬಿಡುತ್ತಾರೆ. ಹಳೆಯದನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಅದಕ್ಕೆ ಇಂದಿನ ದಿನಾಂಕದ ಹೆಸರು ಕೊಟ್ಟು ಮುಚ್ಚಿಡಿ. ಅದನ್ನು ಮತ್ತೆ ತೆರೆಯುವ ಸಂದರ್ಭ ಕೊನೆಯ ಹಂತದಲ್ಲಿ ಬರುತ್ತದೆ.

ಮಂಡಿಪೇಟೆಯ ಹಳೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಕ್ರಮವನ್ನು ನೋಡಿದವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಕಿರ್ದಿಯಲ್ಲಿ ಬರೆದುಕೊಂಡು, ಬಿಡುವಾದಾಗ ಅದನ್ನು ಖಾತೆವಾರು ಖತಾವಣಿಗೆ ಏರಿಸುತ್ತಾರೆ. ಕಿರ್ದಿ ದಿನಾಂಕದ ಪುಸ್ತಕ, ಖತಾವಣಿ ವಿಷಯದ ಪುಸ್ತಕ. ವಿನ್ಯಾಸದ ಆಲೋಚನೆಗಳಿಗೂ ಈ ಎರಡು ಪುಸ್ತಕಗಳು ಬೇಕು, ಮತ್ತು ಅವು ಬೇರೆ ಬೇರೆಯಾಗಿಯೇ ಇರಬೇಕು. ಕಂಡ ಕ್ಷಣದಲ್ಲಿಯೇ ವಿಂಗಡಿಸಿ ಇಡುತ್ತೇನೆಂದು ಹೊರಡುವವರು ಖತಾವಣಿಯಲ್ಲಿ ನೇರವಾಗಿ ಬರೆಯಲು ಹೋದ ಗುಮಾಸ್ತನಂತೆ ಗಿರಾಕಿಯನ್ನು ಕಾಯಿಸಿ ಖಾತೆ ಹುಡುಕುತ್ತ ನಿಲ್ಲುತ್ತಾರೆ.

ಆದ್ದರಿಂದ ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಹಾಳೆಗಳನ್ನು ತೆರೆದು, ಒಂದಕ್ಕೆ ಕಿರ್ದಿ, ಇನ್ನೊಂದಕ್ಕೆ ಖತಾವಣಿ ಎಂದು ಹೆಸರಿಡಿ. ಕಿರ್ದಿಯಲ್ಲಿ ಕ್ರಮಸಂಖ್ಯೆ, ದಿನಾಂಕ, ಪುಟದ ಪೂರ್ಣ ವಿಳಾಸ, ನೋಡಿದ ಸಾಧನ, ಟಿಪ್ಪಣಿ ಎಂಬ ಐದು ಅಂಕಣಗಳಿದ್ದರೆ ಸಾಕು. ಸ್ಕ್ರೀನ್‌ಶಾಟ್ ಇದ್ದರೆ ಅದರ ಕಡತಕ್ಕೆ ಅದೇ ಕ್ರಮಸಂಖ್ಯೆಯನ್ನೇ ಹೆಸರಾಗಿ ಕೊಡಿ.

ಹಂತ 2: ಕಂಡದ್ದನ್ನು ಕಾರಣಸಹಿತ ಬರೆಯುವುದು

ಇಡೀ ಕೆಲಸದ ಜೀವ ಈ ಹಂತದಲ್ಲಿದೆ. ಕಲಿಯಲು ಬರುವವರು ಬರೆದು ತರುವ ಟಿಪ್ಪಣಿಗಳು ಸಾಮಾನ್ಯವಾಗಿ "ಮೆನು ಚೆನ್ನಾಗಿದೆ", "ಬಣ್ಣ ಹಿತವಾಗಿದೆ" ಎಂದಿರುತ್ತವೆ. ಇವು ಮೆಚ್ಚುಗೆಯ ಮಾತುಗಳು. ಆರು ತಿಂಗಳ ನಂತರ ಓದಿದಾಗ ಇವುಗಳಿಂದ ಏನನ್ನೂ ಮತ್ತೆ ಕಟ್ಟಲಾಗುವುದಿಲ್ಲ. ಟಿಪ್ಪಣಿಯು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಕಣ್ಣಿಗೆ ಕಂಡದ್ದೇನು, ಅದರಿಂದ ಯಾರ ಯಾವ ತೊಂದರೆ ತಪ್ಪಿತು, ಅದು ಫೋನಿನಲ್ಲಿ ಹೇಗೆ ನಡೆದುಕೊಂಡಿತು, ಮತ್ತು ಎಲ್ಲಿ ಅದು ಹೊಂದುವುದಿಲ್ಲ.

ಒಂದು ಉದಾಹರಣೆಯನ್ನು ನನ್ನ ಕಿರ್ದಿಯಿಂದಲೇ ಕೊಡುತ್ತೇನೆ. "ಬಸ್ ಟಿಕೆಟ್ ಕಾಯ್ದಿರಿಸುವ ತಾಣ, ಫೋನಿನಲ್ಲಿ ನೋಡಿದ್ದು. ದಿನಾಂಕ ಆರಿಸುವ ಜಾಗದಲ್ಲಿ ಕ್ಯಾಲೆಂಡರಿಗಿಂತ ಮೊದಲು 'ಇಂದು', 'ನಾಳೆ' ಎಂಬ ಎರಡು ಗುಂಡಿಗಳಿವೆ. ತುರ್ತಾಗಿ ಹೊರಟವನಿಗೆ ಕ್ಯಾಲೆಂಡರ್ ತೆರೆಯುವ ಕೆಲಸವೇ ತಪ್ಪುತ್ತದೆ. ಕಲ್ಯಾಣ ಮಂಟಪ ಕಾಯ್ದಿರಿಸುವ ತಾಣಕ್ಕೆ ಇದು ಹೊಂದದು. ಅಲ್ಲಿ ಜನರು ತಿಂಗಳುಗಳ ಮುಂಚೆ ಮುಹೂರ್ತ ನೋಡಿಕೊಂಡು ಬರುತ್ತಾರೆ." ಇದರಲ್ಲಿ ಹೊಂದದು ಎಂಬ ವಾಕ್ಯ ಅತ್ಯಂತ ಮುಖ್ಯವಾದುದು. ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಬರೆಯಲು ತೊಡಗಿದ ಕೂಡಲೇ ಮನಸ್ಸು ನೋಟವನ್ನು ಬಿಟ್ಟು ಬಳಸುವವರ ಕಡೆಗೆ ತಿರುಗುತ್ತದೆ. ಆ ವಾಕ್ಯ ಹೊಳೆಯದಿದ್ದರೆ ಆ ಆಲೋಚನೆ ನಿಮಗಿನ್ನೂ ಪೂರ್ತಿ ಅರ್ಥವಾಗಿಲ್ಲವೆಂದು ತಿಳಿದು, ನಮೂದಿನ ಮುಂದೆ ಒಂದು ಪ್ರಶ್ನೆಯ ಗುರುತು ಹಾಕಿ ಮುಂದುವರಿಯಿರಿ.

ಪೂರ್ಣ ವಿಳಾಸವನ್ನು ಬರೆಯದೆ ಚಿತ್ರವನ್ನು ಮಾತ್ರ ಇಟ್ಟುಕೊಳ್ಳುವುದು ಎರಡನೆಯ ದೊಡ್ಡ ತಪ್ಪು. ಗುಂಡಿ ಒತ್ತಿದಾಗ ಏನಾಗುತ್ತದೆ, ಪುಟ ಎಷ್ಟು ಹೊತ್ತಿಗೆ ತೆರೆದುಕೊಳ್ಳುತ್ತದೆ, ಅಕ್ಷರ ದೊಡ್ಡದು ಮಾಡಿದಾಗ ಸಾಲುಗಳು ಹೇಗೆ ಒಡೆಯುತ್ತವೆ ಎಂಬುದು ಚಿತ್ರದಲ್ಲಿ ತಿಳಿಯುವುದಿಲ್ಲ. ಆದರೆ ತಾಣಗಳು ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ಮುಖ್ಯವೆನಿಸಿದ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ವಿಳಾಸ ಕೊಟ್ಟು ಉಳಿಸಿ, ಆ ಪ್ರತಿಯ ಕೊಂಡಿಯನ್ನೂ ಟಿಪ್ಪಣಿಯ ಕೆಳಗೆ ಬರೆದುಕೊಳ್ಳಿ. ಇದಕ್ಕೆ ಹೆಚ್ಚು ಸಮಯ ಹಿಡಿಯುವುದಿಲ್ಲ, ವರ್ಷದ ಕೊನೆಯಲ್ಲಿ ಇದರ ಬೆಲೆ ತಿಳಿಯುತ್ತದೆ.

ದಿನಕ್ಕೆ ಒಂದು ನಮೂದು ಸಾಕು. ಹತ್ತು ನಮೂದುಗಳನ್ನು ಒಂದೇ ದಿನ ಬರೆದು ಎರಡು ವಾರ ಸುಮ್ಮನಿರುವುದಕ್ಕಿಂತ, ನೀವು ನಿಜವಾಗಿ ಬಳಸಿದ ತಾಣದ ಬಗ್ಗೆ ಒಂದೊಂದೇ ಬರೆಯುವುದು ಒಳ್ಳೆಯದು. ವಿದ್ಯುತ್ ಬಿಲ್ಲು ಕಟ್ಟುವಾಗ, ರೈಲಿನ ಸೀಟು ನೋಡುವಾಗ, ಅಡಿಕೆ ಧಾರಣೆ ಹುಡುಕುವಾಗ ಕಂಡ ತೊಂದರೆಗಳನ್ನೂ ಬರೆಯಿರಿ. ಕಿರಿಕಿರಿಯ ನಮೂದುಗಳು ಮೆಚ್ಚುಗೆಯ ನಮೂದುಗಳಿಗಿಂತ ಹೆಚ್ಚು ಬಾರಿ ನನ್ನ ಕೆಲಸಕ್ಕೆ ಬಂದಿವೆ.

ಹಂತ 3: ವಾರಕ್ಕೊಮ್ಮೆ ಖತಾವಣಿಗೆ ಏರಿಸುವುದು

ವಾರದಲ್ಲಿ ಒಂದು ದಿನ ಅರ್ಧ ಗಂಟೆ ಗೊತ್ತುಮಾಡಿಕೊಳ್ಳಿ. ಆ ವಾರದ ಕಿರ್ದಿಯನ್ನು ಓದಿ, ಉಳಿಸಿಕೊಳ್ಳತಕ್ಕವನ್ನು ಮಾತ್ರ ಖತಾವಣಿಗೆ ಏರಿಸಿ. ಏರಿಸದೆ ಉಳಿದವನ್ನು ಅಳಿಸಬೇಡಿ. ಅವು ಕಿರ್ದಿಯಲ್ಲಿಯೇ ಇರಲಿ.

ಖತಾವಣಿಯ ಖಾತೆಗಳು ಹೇಗಿರಬೇಕೆಂಬಲ್ಲಿ ಬಹಳ ಮಂದಿ ದಾರಿ ತಪ್ಪುತ್ತಾರೆ. ಬಣ್ಣಗಳು, ಮೆನುಗಳು, ಮುಖಪುಟಗಳು, ಅಕ್ಷರಗಳು ಎಂದು ವಿಂಗಡಿಸುವುದು ಸಹಜವೆನಿಸುತ್ತದೆ. ಆದರೆ ಗ್ರಾಹಕರು ಯಾರೂ "ನನಗೊಂದು ಮೆನು ಬೇಕು" ಎಂದು ಬರುವುದಿಲ್ಲ. ಜವಳಿ ಅಂಗಡಿಯವರು "ಸೀರೆಯ ಬಣ್ಣ ಫೋನಿನಲ್ಲಿ ಬೇರೆ ಕಾಣುತ್ತದೆಂದು ಜನ ವಾಪಸ್ ತರುತ್ತಾರೆ" ಎನ್ನುತ್ತಾರೆ. ಕೋಚಿಂಗ್ ತರಗತಿಯವರು "ಫೀಸು ಎಷ್ಟೆಂದು ಕೇಳಿಯೇ ಫೋನ್ ಇಡುತ್ತಾರೆ" ಎನ್ನುತ್ತಾರೆ. ಚನ್ನಗಿರಿಯ ಕಡೆಯ ಅಡಿಕೆ ವ್ಯಾಪಾರಿಗೆ ಇಂದಿನ ಧಾರಣೆ ಪುಟ ತೆರೆದ ಕೂಡಲೇ ಕಾಣಬೇಕು, ಉಳಿದದ್ದೆಲ್ಲ ಅದರ ಕೆಳಗೆ. ಆದ್ದರಿಂದ ಖಾತೆಗಳನ್ನು ಬರುವವರ ಕೆಲಸದ ಹೆಸರಿನಲ್ಲಿ ತೆರೆಯಬೇಕು: ಬೆಲೆ ತಿಳಿಯುವುದು, ವಸ್ತುವನ್ನು ಪರೀಕ್ಷಿಸುವುದು, ನಂಬಿಕೆ ಹುಟ್ಟುವುದು, ಹುಡುಕುವುದು, ಹಣ ಕೊಡುವುದು, ಅಂಗಡಿಗೆ ಬಂದು ಮುಟ್ಟುವುದು, ದೀರ್ಘವಾಗಿ ಓದುವುದು. ಒಂದು ನಮೂದು ಎರಡು ಖಾತೆಗಳಿಗೆ ಸೇರಿದರೆ ಎರಡರಲ್ಲೂ ಅದರ ಕ್ರಮಸಂಖ್ಯೆ ಬರೆಯಿರಿ.

"ಕೂಡದ್ದು" ಎಂಬ ಹೆಸರಿನ ಒಂದು ಖಾತೆಯನ್ನೂ ತಪ್ಪದೆ ತೆರೆಯಿರಿ. ದೊಡ್ಡ ಮಾರಾಟದ ತಾಣಗಳಲ್ಲಿ ಕಾಣುವ ಕೆಲವು ಚಮತ್ಕಾರಗಳನ್ನು ಹೊಸಬರು ಒಳ್ಳೆಯ ಆಲೋಚನೆಗಳೆಂದೇ ಉಳಿಸಿಕೊಂಡು ಬರುತ್ತಾರೆ. ಸುಳ್ಳು ಗಡಿಯಾರ ಓಡಿಸಿ ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದವರು ನಾಚುವಂತೆ ಮಾತು ಬರೆಯುವುದು, ಕೊನೆಯ ಪುಟದಲ್ಲಿ ಬೆಲೆ ಏರಿಸುವುದು ಇವೆಲ್ಲ ಆ ಬಗೆಯವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಬಹಳ ಕಡೆ ಕಾಣುತ್ತದೆ ಎಂಬುದು ಅನುಸರಿಸಲು ಕಾರಣವಾಗುವುದಿಲ್ಲ. ಅಂಥದ್ದು ಕಂಡಾಗ ಅದನ್ನು ಈ ಖಾತೆಗೆ ಸೇರಿಸಿದರೆ, ಗ್ರಾಹಕರು ಅದನ್ನೇ ಕೇಳಿದ ದಿನ ತೋರಿಸಿ ವಿವರಿಸಲು ಅನುಕೂಲವಾಗುತ್ತದೆ.

ಹಂತ 4: ಪ್ರತಿ ಆಲೋಚನೆಯನ್ನೂ ಕನ್ನಡದಲ್ಲಿ ಪರೀಕ್ಷಿಸುವುದು

ಮಾದರಿಯಾಗಿ ಉಳಿಸಿಕೊಂಡ ತಾಣಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಇಂಗ್ಲಿಷಿನಲ್ಲಿ ಸುಂದರವಾಗಿ ನಿಂತ ವಿನ್ಯಾಸ ಕನ್ನಡ ಅಕ್ಷರಗಳನ್ನು ತುಂಬಿದ ಕೂಡಲೇ ಕುಸಿಯುವುದನ್ನು ಎಷ್ಟೋ ಬಾರಿ ನೋಡಿದ್ದೇನೆ, ಮತ್ತು ಅದು ಕೆಲಸ ಒಪ್ಪಿಸುವ ಹಿಂದಿನ ದಿನವೇ ಕಣ್ಣಿಗೆ ಬೀಳುತ್ತದೆ. ಖತಾವಣಿಗೆ ಏರಿದ ಆಲೋಚನೆಯನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡಬೇಕು.

ಮೊದಲಿಗೆ ಅಕ್ಷರದ ಎತ್ತರವನ್ನು ನೋಡಿ. ಕನ್ನಡದಲ್ಲಿ ಗುಣಿತದ ಚಿಹ್ನೆಗಳು ಮೇಲಕ್ಕೂ ಒತ್ತಕ್ಷರಗಳು ಕೆಳಕ್ಕೂ ಚಾಚುತ್ತವೆ. "ರಾಷ್ಟ್ರೀಯ", "ವೈಶಿಷ್ಟ್ಯ", "ಲಕ್ಷ್ಮೀ", "ಕೃಷ್ಣಮೂರ್ತಿ" ಎಂಬ ಪದಗಳನ್ನು ಎರಡು ಸಾಲಿನ ಶೀರ್ಷಿಕೆಯಾಗಿ ಹಾಕಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗುತ್ತದೆಯೇ, ಗುಂಡಿಯ ಅಂಚಿನಲ್ಲಿ ಒತ್ತಕ್ಷರ ಕತ್ತರಿಸಿ ಹೋಗುತ್ತದೆಯೇ ಎಂಬುದನ್ನು ಪರಿಶೀಲಿಸಿ. ಓದುವ ಪಠ್ಯಕ್ಕೆ ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6 ಪಟ್ಟಿನಿಂದ ಆರಂಭಿಸಿ ಫಾಂಟಿಗೆ ತಕ್ಕಂತೆ ಹೆಚ್ಚಿಸುವುದು ನನ್ನ ರೂಢಿ. ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಮಾಡುವಂತೆ ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಕನ್ನಡಕ್ಕೆ ಬೇಡ.

ಎರಡನೆಯದು ಅಕ್ಷರಗಳ ಎಣಿಕೆ. ನಮ್ಮ ಕಣ್ಣಿಗೆ "ಲಕ್ಷ್ಮೀ" ಎರಡೇ ಅಕ್ಷರ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಕ್ರಮದಲ್ಲಿ ಅದು ಏಳು ಸಂಕೇತಗಳು. ಅರ್ಜಿಯ ನಮೂನೆಯಲ್ಲಿ ಹೆಸರಿಗೆ 20 ಅಕ್ಷರಗಳ ಮಿತಿ ಇಟ್ಟಿದ್ದರೆ, ಅಥವಾ ಸುದ್ದಿಯ ಸಾರಾಂಶವನ್ನು ಇಂತಿಷ್ಟು ಸಂಕೇತಗಳಿಗೆ ಕತ್ತರಿಸುವಂತೆ ಬರೆದಿದ್ದರೆ, ಹೆಸರು ಒತ್ತಕ್ಷರದ ಮಧ್ಯದಲ್ಲಿಯೇ ತುಂಡಾಗುತ್ತದೆ. ಪದದ ಕೊನೆಯಲ್ಲಿ ಕಾರಣವಿಲ್ಲದ ಅರ್ಧಾಕ್ಷರ ಕಂಡರೆ ಇದೇ ತೊಂದರೆ ಎಂದು ತಿಳಿಯಿರಿ.

ಮೂರನೆಯದು ಪಠ್ಯದ ಮೂಲ. ಅಂಗಡಿಯವರು ಕರಪತ್ರ ಮುದ್ರಿಸಿದ ಡಿಟಿಪಿ ಕೇಂದ್ರದಿಂದ ತಂದುಕೊಡುವ ಕಡತ ನುಡಿ ಅಥವಾ ಬರಹ ಎಂಬ ತಂತ್ರಾಂಶದ ಹಳೆಯ ಫಾಂಟ್ ಕ್ರಮದಲ್ಲಿರಬಹುದು. ಅದನ್ನು ನೇರವಾಗಿ ಅಂಟಿಸಿದರೆ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಾಣುತ್ತವೆ. ಆ ಫಾಂಟನ್ನೇ ತಾಣಕ್ಕೆ ಹಾಕಿ ಕನ್ನಡದಂತೆ ಕಾಣಿಸುವ ಅಡ್ಡದಾರಿಯನ್ನು ಎಂದೂ ಹಿಡಿಯಬೇಡಿ, ಏಕೆಂದರೆ ಅಂಥ ಪಠ್ಯ ಹುಡುಕಾಟದಲ್ಲಿ ಸಿಗುವುದಿಲ್ಲ, ಪರದೆ ಓದುವ ತಂತ್ರಾಂಶಕ್ಕೂ ಅರ್ಥವಾಗುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಮ್ಮೆ ಪೂರ್ತಿ ಓದಿ ಅರ್ಕಾವೊತ್ತುಗಳನ್ನು ತಿದ್ದಿ.

ಫಾಂಟುಗಳ ಮಟ್ಟಿಗೆ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟೀರೋ ಕನ್ನಡ, ನಮ್ಮೂರಿನವರಿಗೆ ಹೆಸರು ಕೇಳಿದರೇ ಸಂತೋಷವಾಗುವ ಬೆಣ್ಣೆ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ಒಂದೇ ದಪ್ಪದಲ್ಲಿ ಸಿಗುವ ಫಾಂಟಿಗೆ ಬೋಲ್ಡ್ ಹಾಕಿದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ, ಆಗ ಒತ್ತಕ್ಷರಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಸೂಚಿಸುವುದನ್ನೂ ಮರೆಯಬೇಡಿ.

ಕೊನೆಯದಾಗಿ ಬಿಸಿಲಿನ ಪರೀಕ್ಷೆ. ಮಧ್ಯಾಹ್ನ ಹನ್ನೆರಡಕ್ಕೆ ಎಪಿಎಂಸಿ ಪ್ರಾಂಗಣದಲ್ಲಿ ನಿಂತು ಮೆಕ್ಕೆಜೋಳದ ಬೆಲೆ ನೋಡುವ ರೈತನಿಗೆ ಬೂದು ಬಣ್ಣದ ತೆಳು ಅಕ್ಷರ ಕಾಣಿಸುವುದಿಲ್ಲ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸುಲಭ ಬಳಕೆಯ ಮಾರ್ಗಸೂಚಿಯು ಸಾಮಾನ್ಯ ಪಠ್ಯಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1 ಬಣ್ಣವ್ಯತ್ಯಾಸವನ್ನು ಕೇಳುತ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ ಅದರ 2.2ನೆಯ ಆವೃತ್ತಿ ಒತ್ತುವ ಜಾಗಗಳಿಗೆ 24 ಪಿಕ್ಸೆಲ್‌ಗಳ ಉದ್ದಗಲದ ಕನಿಷ್ಠ ಅಳತೆಯನ್ನೂ ಸೇರಿಸಿದೆ. ಇವು ಕೆಳಮಿತಿಗಳು ಮಾತ್ರ. ಹಳೆಯ ಫೋನನ್ನು ಹಿಡಿದು ನೀವೇ ಬಿಸಿಲಿಗೆ ಹೋಗಿ ನೋಡಿ ಬನ್ನಿ.

ಹಂತ 5: ಒಂದು ಕೆಲಸಕ್ಕೆ ಮೂರೇ ಆಲೋಚನೆಗಳು

ಕೆಲಸ ಬಂದಾಗ ಸಂಬಂಧಪಟ್ಟ ಖಾತೆಯನ್ನು ತೆರೆದು ಮೂರು ನಮೂದುಗಳನ್ನು ಮಾತ್ರ ಆರಿಸಿ, ರೂಲು ಪುಸ್ತಕದಲ್ಲಿ ಪೆನ್ಸಿಲಿನಿಂದ ಬಿಡಿಸಿ. ಬೇರೊಬ್ಬರ ವಿನ್ಯಾಸವನ್ನೋ ಚಿತ್ರವನ್ನೋ ಹಾಗೆಯೇ ಎತ್ತಿಕೊಳ್ಳಬಾರದು. ನೀವು ತೆಗೆದುಕೊಳ್ಳುವುದು ಅದು ನೀಗಿಸಿದ ತೊಂದರೆಯ ದಾರಿಯನ್ನು ಮಾತ್ರ. ಯಾವ ನಮೂದು ಯಾವ ಕೆಲಸಕ್ಕೆ ಬಳಕೆಯಾಯಿತೆಂದು ಖತಾವಣಿಯಲ್ಲಿ ಆ ದಿನವೇ ಗುರುತಿಸಿ. ಈ ಒಂದು ಗುರುತು ಇಲ್ಲದಿದ್ದರೆ ಮುಂದಿನ ಎರಡು ಹಂತಗಳು ನಡೆಯುವುದಿಲ್ಲ.

ಹಂತ 6: ತಿಂಗಳ ಅಳತೆಯನ್ನು ಕೂಡಿಡುವುದು

ವರ್ಷದ ಕೊನೆಯಲ್ಲಿ ಅಂಕಿಗಳನ್ನು ನೋಡುತ್ತೇನೆಂದು ಬಿಟ್ಟವರಿಗೆ ಅಂಕಿಗಳೇ ಇರುವುದಿಲ್ಲ. ಸರ್ಚ್ ಕನ್ಸೋಲ್ ಹುಡುಕಾಟದ ವಿವರಗಳನ್ನು 16 ತಿಂಗಳು ಮಾತ್ರ ಇಟ್ಟುಕೊಳ್ಳುತ್ತದೆ. ತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನ ಈಗಿನ ಆವೃತ್ತಿಯಲ್ಲಿ ಎಕ್ಸ್‌ಪ್ಲೋರೇಷನ್ ವಿಭಾಗಕ್ಕೆ ಬೇಕಾದ ವಿವರಗಳನ್ನು ಉಳಿಸುವ ಅವಧಿ ಮೊದಲ ಹೊಂದಿಕೆಯಲ್ಲಿ 2 ತಿಂಗಳು. ಉಚಿತ ಖಾತೆಯಲ್ಲಿ ಅದನ್ನು 14 ತಿಂಗಳಿಗೆ ನೀವೇ ಬದಲಿಸಬೇಕು. ನನಗೆ ಒಮ್ಮೆ ಹೀಗೆ ಹತ್ತು ತಿಂಗಳ ವಿವರ ಕೈತಪ್ಪಿ, ಗ್ರಾಹಕರ ಪ್ರಶ್ನೆಗೆ ಉತ್ತರ ಕೊಡಲಾಗದೆ ಕುಳಿತ ದಿನ ಇಂದಿಗೂ ನೆನಪಿದೆ. ಈ ಹೊಂದಿಕೆಯನ್ನು ಇಂದೇ ಸರಿಪಡಿಸಿಕೊಳ್ಳಿ.

ಪ್ರತಿ ತಿಂಗಳ ಮೊದಲ ವಾರ ಸರ್ಚ್ ಕನ್ಸೋಲ್‌ನಿಂದ ಕ್ಲಿಕ್ಕುಗಳ ಸಂಖ್ಯೆಯನ್ನೂ ಮೊದಲ 20 ಹುಡುಕು ಪದಗಳನ್ನೂ ಇಳಿಸಿಕೊಂಡು, ಫೋನಿನಿಂದ ಬಂದವರ ಪಾಲನ್ನು ಬರೆದಿಡಿ. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೂರು ಮುಖ್ಯ ಅಳತೆಗಳಿವೆ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟದ ಕದಲಾಟ 0.1 ಮೀರಬಾರದು. ಎರಡನೆಯ ಅಳತೆ 2024ರ ಮಾರ್ಚ್‌ನಲ್ಲಿ ಹಳೆಯ ಅಳತೆಯೊಂದರ ಜಾಗಕ್ಕೆ ಬಂದದ್ದು, ಆದ್ದರಿಂದ ಅದಕ್ಕಿಂತ ಹಿಂದಿನ ಅಂಕಿಗಳೊಂದಿಗೆ ಅದನ್ನು ಹೋಲಿಸಬಾರದು. ಭೇಟಿಗಳು ಕಡಿಮೆ ಇರುವ ಸಣ್ಣ ತಾಣಗಳಿಗೆ ಕಳೆದ 28 ದಿನಗಳ ನಿಜ ಬಳಕೆದಾರರ ಅಂಕಿ ಸಿಗದೆ, ಪ್ರಯೋಗದ ಅಂಕಿ ಮಾತ್ರ ಸಿಗುತ್ತದೆ. ಅಂಥವರು ಹಳೆಯ ಫೋನಿನಲ್ಲಿ, ವೈಫೈ ನಿಲ್ಲಿಸಿ, ಜಗಳೂರು ರಸ್ತೆಯ ಬಸ್ಸಿನಲ್ಲಿ ಕುಳಿತಾಗ ಪುಟ ತೆರೆಯಲು ಎಷ್ಟು ಹೊತ್ತಾಯಿತೆಂದು ಎಣಿಸಿ ಬರೆಯುವುದೇ ಮೇಲು.

ಅಂಗಡಿಯವರಿಂದ ಒಂದೇ ಒಂದು ಲೆಕ್ಕ ಕೇಳಿ ಪಡೆಯಿರಿ: ತಾಣ ನೋಡಿ ಬಂದ ಕರೆಗಳೂ ವಾಟ್ಸ್‌ಆ್ಯಪ್ ವಿಚಾರಣೆಗಳೂ ತಿಂಗಳಿಗೆ ಎಷ್ಟು. ಕೌಂಟರಿನ ಪಕ್ಕ ಒಂದು ಹಾಳೆ ಇಟ್ಟು ಗೀಟು ಹಾಕಿದರೂ ಸಾಕು. ಮಿಕ್ಕ ಅಂಕಿಗಳೆಲ್ಲ ಇದಕ್ಕೆ ಸಾಕ್ಷಿ ಹೇಳಲು ಮಾತ್ರ ಇರುವುವು.

ಹಂತ 7: ವರ್ಷದ ಅವಲೋಕನ

ವ್ಯಾಪಾರಸ್ಥರು ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ಹಬ್ಬದ ನಂತರ, ಡಿಸೆಂಬರಿನ ಪಟ್ಟಿಗಳು ಬರತೊಡಗುವ ಮೊದಲು ಎರಡು ಬೆಳಗುಗಳನ್ನು ಇದಕ್ಕೆ ಮೀಸಲಿಡಿ. ಕ್ರಮ ಹೀಗಿರಲಿ: ಮೊದಲು ನಿಮ್ಮ ಕಿರ್ದಿ, ನಂತರ ನಿಮ್ಮ ಅಂಕಿ, ಕೊನೆಗೆ ಪರರ ಪಟ್ಟಿ. ಪರರ ಪಟ್ಟಿಯನ್ನು ಮೊದಲು ಓದಿದರೆ ನಿಮ್ಮ ಕಿರ್ದಿಯಲ್ಲಿಯೂ ಅದೇ ಕಾಣತೊಡಗುತ್ತದೆ.

ಕಿರ್ದಿಯನ್ನು ಜನವರಿಯಿಂದ ಓದುತ್ತಾ, ಮೂರಕ್ಕಿಂತ ಹೆಚ್ಚು ಬಾರಿ ಬೇರೆ ಬೇರೆ ತಾಣಗಳಲ್ಲಿ ಕಂಡದ್ದನ್ನು ಗುರುತಿಸಿ. ಅದು ನಿಮ್ಮ ಕಣ್ಣಿಗೆ ಬಿದ್ದ ಪ್ರವೃತ್ತಿ. ಉಳಿಸಿಟ್ಟ ಪ್ರತಿಗಳನ್ನು ತೆರೆದು, ಅದನ್ನು ಬಳಸಿದ್ದ ತಾಣದಲ್ಲಿ ಅದು ಇನ್ನೂ ಇದೆಯೇ ಎಂದು ನೋಡಿ. ದೊಡ್ಡ ಸಂಸ್ಥೆಗಳೂ ತಾವು ತಂದದ್ದನ್ನು ಹಿಂತೆಗೆದುಕೊಳ್ಳುತ್ತವೆ. ಗೂಗಲ್ ತನ್ನ ಹುಡುಕು ಫಲಿತಾಂಶಗಳಿಗೆ ನಿರಂತರ ಸ್ಕ್ರೋಲನ್ನು, ಎಂದರೆ ಕೆಳಗೆ ಸರಿಸಿದಂತೆ ಮುಂದಿನ ಫಲಿತಾಂಶಗಳು ತಾವಾಗಿ ಬಂದು ಸೇರುವ ಕ್ರಮವನ್ನು, 2021ರಲ್ಲಿ ಫೋನಿಗೂ 2022ರ ಡಿಸೆಂಬರಿನಲ್ಲಿ ಕಂಪ್ಯೂಟರಿಗೂ ತಂದು, 2024ರ ಜೂನ್‌ನಲ್ಲಿ ತೆಗೆಯಲಾರಂಭಿಸಿತು. ಮಧ್ಯದಲ್ಲಿ ಅದನ್ನು ಕಂಡು ತಮ್ಮ ತಾಣಕ್ಕೂ ಹಾಕಿಸಿಕೊಂಡವರು, ಪುಟದ ಅಡಿಯಲ್ಲಿದ್ದ ಅಂಗಡಿಯ ವಿಳಾಸ ಯಾರ ಕೈಗೂ ಸಿಗದಂತೆ ಮಾಡಿಕೊಂಡರು.

ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರ ಅಗತ್ಯ. ಮಾರ್ಚ್ ತಿಂಗಳನ್ನು ಹಿಂದಿನ ಮಾರ್ಚ್‌ನೊಂದಿಗೆ ಹೋಲಿಸುವುದು ನಮ್ಮ ಊರಿನ ವ್ಯಾಪಾರಕ್ಕೆ ಸರಿಹೊಂದುವುದಿಲ್ಲ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂದರೆ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ಅಲ್ಲದೆ ನಮ್ಮ ಊರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆಯ ವರ್ಷದ ಬಟ್ಟೆ, ಪಾತ್ರೆಯ ಹುಡುಕಾಟವನ್ನು ಜಾತ್ರೆಯಿಲ್ಲದ ವರ್ಷದ ಪಕ್ಕದಲ್ಲಿಟ್ಟು "ಹೊಸ ವಿನ್ಯಾಸದಿಂದ ಜನ ಕಡಿಮೆಯಾದರು" ಎಂಬ ತೀರ್ಮಾನಕ್ಕೆ ಬರಬಾರದು. ಹಬ್ಬಕ್ಕೆ ಮೊದಲಿನ ನಾಲ್ಕು ವಾರಗಳನ್ನು ಹಿಂದಿನ ವರ್ಷದ ಅದೇ ಹಬ್ಬಕ್ಕೆ ಮೊದಲಿನ ನಾಲ್ಕು ವಾರಗಳೊಂದಿಗೆ ಹೋಲಿಸಿ. ಗೂಗಲ್ ಟ್ರೆಂಡ್ಸ್ ಬಳಸುವವರು ಅಲ್ಲಿ ಕಾಣುವ 0ರಿಂದ 100ರವರೆಗಿನ ಅಂಕಿ ಹುಡುಕಿದವರ ಸಂಖ್ಯೆಯಲ್ಲ, ಆರಿಸಿದ ಅವಧಿಯ ಅತಿ ಹೆಚ್ಚಿನ ಹುಡುಕಾಟಕ್ಕೆ ಹೋಲಿಸಿದ ಪ್ರಮಾಣ ಎಂಬುದನ್ನು ನೆನಪಿಡಬೇಕು. ಪ್ರದೇಶವನ್ನು ಕರ್ನಾಟಕಕ್ಕೆ ಸೀಮಿತಗೊಳಿಸಿ, ಅದೇ ಪದವನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ ಹುಡುಕಿ ನೋಡಿ. ಯಾವ ಲಿಪಿಯಲ್ಲಿ ಶೀರ್ಷಿಕೆ ಬರೆಯಬೇಕೆಂಬ ಚರ್ಚೆಗೆ ಅದು ನೆರವಾಗುತ್ತದೆ.

ಈಗ ಪರರ ಪಟ್ಟಿಗಳನ್ನು ಓದಬಹುದು. ಎಚ್‌ಟಿಟಿಪಿ ಆರ್ಕೈವ್ ಯೋಜನೆಯವರು 2019ರಲ್ಲಿ ಆರಂಭಿಸಿದ ವೆಬ್ ಅಲ್ಮನಾಕ್ ಎಂಬ ವರದಿ ಲಕ್ಷಾಂತರ ತಾಣಗಳನ್ನು ಯಂತ್ರದಿಂದ ಅಳೆದು ಬರೆದದ್ದಾದ್ದರಿಂದ ಅದಕ್ಕೆ ಹೆಚ್ಚು ತೂಕ ಕೊಡುತ್ತೇನೆ. ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯ ಬಗೆಗಿನ ಸ್ಟೇಟ್ ಆಫ್ ಸಿಎಸ್‌ಎಸ್ ಸಮೀಕ್ಷೆ ಉಪಯುಕ್ತವೇ ಆದರೂ ಅದಕ್ಕೆ ಉತ್ತರಿಸುವವರು ತಾವಾಗಿ ಮುಂದೆ ಬಂದ ತಂತ್ರಜ್ಞರು. ನಿಮ್ಮ ಗ್ರಾಹಕರ ಮಾತು ಅದರಲ್ಲಿಲ್ಲ. ಚಂದದ ಚಿತ್ರಗಳನ್ನಷ್ಟೇ ಜೋಡಿಸಿ, ಅಳತೆಯ ಸುಳಿವೇ ಇಲ್ಲದ ಪಟ್ಟಿಗಳನ್ನು ಓದಿ ಬದಿಗಿಡಿ.

ಕೈಗೆ ಬಂದ ಪ್ರತಿ ಪ್ರವೃತ್ತಿಯನ್ನೂ ನಾಲ್ಕು ಬಗೆಗಳಲ್ಲಿ ಒಂದಕ್ಕೆ ಸೇರಿಸಬೇಕು, ಏಕೆಂದರೆ ಪ್ರತಿ ಬಗೆಗೂ ಕೇಳಬೇಕಾದ ಸಾಕ್ಷಿ ಬೇರೆ. ಮೊದಲನೆಯದು ಬ್ರೌಸರಿಗೆ ಬಂದ ಹೊಸ ಶಕ್ತಿ. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್‌ಗೆ ಬಂದ, ಪುಟವನ್ನು ಅಡ್ಡ ಉದ್ದದ ಮನೆಗಳಾಗಿ ಜೋಡಿಸುವ ಸಿಎಸ್‌ಎಸ್ ಗ್ರಿಡ್ ಇಂಥದ್ದು, ಬಂದದ್ದು ಉಳಿಯಿತು. ಇದಕ್ಕೆ ಬೇಸ್‌ಲೈನ್ ಗುರುತನ್ನು ನೋಡಿ: ಪ್ರಮುಖ ಬ್ರೌಸರುಗಳೆಲ್ಲದರಲ್ಲೂ ಬಂದು 30 ತಿಂಗಳಾದ ಸೌಲಭ್ಯವನ್ನು ವ್ಯಾಪಕವಾಗಿ ಲಭ್ಯವೆಂದು ಅದು ಹೇಳುತ್ತದೆ, ಅಂಥದ್ದನ್ನು ಹೆದರದೆ ಬಳಸಬಹುದು. ಎರಡನೆಯದು ಜನರ ರೂಢಿ. 2016ರಲ್ಲಿ ಯುಪಿಐ ಬಂತು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಫೋನಿನ ಡೇಟಾ ಅಗ್ಗವಾಯಿತು. ಆಮೇಲೆ ಕ್ಯುಆರ್ ಸಂಕೇತವಿಲ್ಲದ ಅಂಗಡಿ ಊರಿನಲ್ಲಿ ವಿರಳವಾಯಿತು. ಇಂಥದ್ದಕ್ಕೆ ಸಾಕ್ಷಿ ಕೌಂಟರಿನ ಮುಂದೆಯೇ ಇರುತ್ತದೆ, ನಿಂತು ನೋಡಬೇಕಷ್ಟೆ.

ಮೂರನೆಯದು ದೊಡ್ಡ ಕಂಪನಿಗಳ ಮತ್ತು ಸರ್ಕಾರದ ನಿಯಮಗಳು. 2015ರ ಏಪ್ರಿಲ್‌ನಲ್ಲಿ ಫೋನಿಗೆ ಹೊಂದುವ ಪುಟಗಳಿಗೆ ಗೂಗಲ್ ಆದ್ಯತೆ ಕೊಡಲಾರಂಭಿಸಿದ್ದು, 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಚಲಿಸುವ ಚಿತ್ರಗಳ ತನ್ನ ತಂತ್ರಾಂಶವಾದ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದ್ದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇವು ಈ ಬಗೆಗೆ ಸೇರುತ್ತವೆ. ಇಲ್ಲಿ ನಿಮ್ಮ ಅಭಿರುಚಿಗೆ ಜಾಗವಿಲ್ಲ. ಮೂಲ ಪ್ರಕಟಣೆಯನ್ನೇ ಓದಿ, ಯಾವ ದಿನದಿಂದ ಅನ್ವಯ ಎಂಬುದನ್ನು ಬರೆದುಕೊಳ್ಳಿ. ನಾಲ್ಕನೆಯದು ಬರಿಯ ನೋಟ. 2013ರಲ್ಲಿ ಆ್ಯಪಲ್ ಫೋನುಗಳ ಐಒಎಸ್ 7ರೊಂದಿಗೆ ಚಪ್ಪಟೆ ನೋಟ ಹರಡಿತು, 2020ರ ಸುಮಾರಿಗೆ ಗಾಜಿನಂಥ ಪಾರದರ್ಶಕ ಫಲಕಗಳು ಬಂದವು, 2025ರ ಜೂನ್‌ನಲ್ಲಿ ಆ್ಯಪಲ್ ಲಿಕ್ವಿಡ್ ಗ್ಲಾಸ್ ಎಂಬ ಹೆಸರಿನಲ್ಲಿ ಗಾಜನ್ನು ಮತ್ತೆ ತಂದಿತು. ಡಿಸೆಂಬರಿನ ಪಟ್ಟಿಗಳಲ್ಲಿ ಬಹುಪಾಲು ಈ ನಾಲ್ಕನೆಯ ಬಗೆಯೇ ಇರುತ್ತದೆ. ನೋಟವನ್ನು ಬದಲಿಸಬಾರದೆಂದಲ್ಲ, ಬಿಸಿಲಿನ ಪರೀಕ್ಷೆಯಲ್ಲಿಯೂ ಹಳೆಯ ಫೋನಿನ ವೇಗದ ಪರೀಕ್ಷೆಯಲ್ಲಿಯೂ ಗೆದ್ದದ್ದನ್ನು ಒಂದು ಪುಟದಲ್ಲಿ ಹಾಕಿ ನೋಡಬಹುದು. ಇಡೀ ತಾಣವನ್ನು ನೋಟಕ್ಕಾಗಿ ಮಾತ್ರ ಬದಲಿಸುವ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ದಾರಿ ತಪ್ಪಿರುವುದರ ಲಕ್ಷಣಗಳು

ಕಿರ್ದಿಯ ಟಿಪ್ಪಣಿಗಳು ಒಂದೇ ಪದಕ್ಕೆ ಇಳಿದಿದ್ದರೆ ಎರಡನೆಯ ಹಂತಕ್ಕೆ ಹಿಂತಿರುಗಬೇಕು. ಒಂದೇ ಖಾತೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಮೂದುಗಳು ತುಂಬಿದ್ದರೆ ಆ ಖಾತೆಯ ಹೆಸರು ತೀರಾ ಅಗಲವಾಗಿದೆ, ಅದನ್ನು ಒಡೆಯಬೇಕು. ಮೂರು ತಿಂಗಳಲ್ಲಿ ಖತಾವಣಿಯ ಒಂದು ನಮೂದೂ ಕೆಲಸಕ್ಕೆ ಬಳಕೆಯಾಗಿರದಿದ್ದರೆ ನೀವು ನಿಮ್ಮ ಗ್ರಾಹಕರಿಗೆ ಸಂಬಂಧವಿಲ್ಲದ ತಾಣಗಳನ್ನೇ ನೋಡುತ್ತಿದ್ದೀರಿ. ಎಲ್ಲ ನಮೂದುಗಳೂ ಕಂಪ್ಯೂಟರಿನಲ್ಲಿಯೇ ನೋಡಿದವು ಎಂದಾದರೂ ಹಾಗೆಯೇ. ಅವಲೋಕನದಲ್ಲಿ ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಒಂದು ಅಂಶವೂ ಸಿಗದಿದ್ದರೆ, ಪರರ ಪಟ್ಟಿಯನ್ನು ಮೊದಲೇ ಓದಿದ್ದಿರೋ ಎಂದು ಕೇಳಿಕೊಳ್ಳಿ.

ಹಂತ 8: ಊಹೆ ಬರೆದು, ಶಿಲ್ಕನ್ನು (ಉಳಿಕೆಯನ್ನು) ಮುಂದಕ್ಕೆ ತರುವುದು

ಮುಂದಿನ ವರ್ಷದ ಬಗ್ಗೆ ಮೂರು ವಾಕ್ಯಗಳನ್ನು ಬರೆಯಿರಿ. ಪ್ರತಿ ವಾಕ್ಯವೂ ವರ್ಷಾಂತ್ಯಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದಂತಿರಲಿ. "ಕೃತಕ ಬುದ್ಧಿಮತ್ತೆ ಎಲ್ಲವನ್ನೂ ಬದಲಿಸುತ್ತದೆ" ಎಂಬುದು ಪರೀಕ್ಷೆಗೆ ಸಿಗದ ವಾಕ್ಯ. "ಹುಡುಕಾಟದ ಪುಟದಲ್ಲಿಯೇ ಉತ್ತರ ಸಿಗುವುದರಿಂದ ನಮ್ಮ ಸೀರೆ ಅಂಗಡಿಯ ಮಾಹಿತಿ ಪುಟಗಳಿಗೆ ಬರುವ ಕ್ಲಿಕ್ಕುಗಳು ಈ ವರ್ಷಕ್ಕಿಂತ ಕಡಿಮೆಯಾಗುತ್ತವೆ, ಅಂಗಡಿಯ ದಾರಿ ಕೇಳುವ ಕರೆಗಳು ಕಡಿಮೆಯಾಗುವುದಿಲ್ಲ" ಎಂಬುದನ್ನು ಆರನೆಯ ಹಂತದ ಹಾಳೆಯಿಂದಲೇ ಪರೀಕ್ಷಿಸಬಹುದು. ಕಳೆದ ವರ್ಷ ಬರೆದ ಮೂರು ವಾಕ್ಯಗಳ ಮುಂದೆ ಈಗ ಉತ್ತರ ಬರೆಯಿರಿ, ತಪ್ಪಿದ್ದಲ್ಲಿ ಕಾರಣವನ್ನೂ ಬರೆಯಿರಿ.

ಕೊನೆಗೆ ಹೊಸ ವರ್ಷದ ಹಾಳೆಗಳನ್ನು ತೆರೆದು, ಬಳಕೆಯಾಗದೆ ಉಳಿದ ನಮೂದುಗಳಲ್ಲಿ 20ನ್ನು ಮಾತ್ರ ಆರಂಭದ ಶಿಲ್ಕಾಗಿ ಮುಂದಕ್ಕೆ ತನ್ನಿ. ಮೊದಲ ದಿನ ಮುಚ್ಚಿಟ್ಟ ಹಳೆಯ ಸ್ಕ್ರೀನ್‌ಶಾಟ್‌ಗಳ ಫೋಲ್ಡರನ್ನು ಈಗ ತೆರೆಯಬಹುದು. ಒಂದು ಗಂಟೆಯೊಳಗೆ ಕಾರಣ ಹೇಳಿ ಬರೆಯಲಾಗುವ ಚಿತ್ರಗಳು ಅದರಲ್ಲಿದ್ದರೆ ಅವನ್ನು ಇಂದಿನ ದಿನಾಂಕದಲ್ಲಿ ಹೊಸ ಕಿರ್ದಿಗೆ ನಮೂದಿಸಿ, ಉಳಿದವನ್ನು ಅಳಿಸಿಹಾಕಿ.